ಬಲ್ಬ್ ಪಾಯಿಂಟಿಗೆ ಫ್ಯಾನ್: ವೈರ್ ತಡೆಯುತ್ತದೆ, ಸೂರು ತಡೆಯುತ್ತದಾ?

ಪ್ರಶ್ನೆ: ನಮ್ಮ ಮಲಗುವ ಕೋಣೆಯ ಸೂರಿನ ನಡುವೆ ಒಂದು ಲೈಟ್ ಪಾಯಿಂಟ್ ಇದೆ. ಫ್ಯಾನಿಗೆ ಅಂತ ಬೇರೆ ಪಾಯಿಂಟ್ ಇಲ್ಲ, ಹುಕ್ಕೂ ಇಲ್ಲ. ಲೈಟ್ ತೆಗೆದು ಅದೇ ಜಾಗಕ್ಕೆ ಸೀಲಿಂಗ್ ಫ್ಯಾನ್ ಹಾಕಿಸಬೇಕು ಅಂತಿದ್ದೇವೆ. ಮನೆ ಹಳೆಯದು. ಮೊನ್ನೆ ಹೋಲ್ಡರ್ ಬಿಚ್ಚಿ ನೋಡಿದೆ. ಅದರ ಎರಡೂ ತುದಿಗೆ ಕಪ್ಪು ವೈರೇ ಹೋಗಿದೆ. ಒಂದು ತುದಿಗೆ ಒಂದು, ಇನ್ನೊಂದಕ್ಕೆ ಎರಡು. ಇವಲ್ಲದೆ ಮೂರು ಕೆಂಪು ವೈರುಗಳನ್ನು ಒಟ್ಟಿಗೆ ಹೊಸೆದು, ಟೇಪ್ ಸುತ್ತಿ, ಒಳಗೆ ತುರುಕಿದ್ದಾರೆ. ಹಸಿರು ವೈರ್ ಕಾಣಲಿಲ್ಲ. ಸ್ವಿಚ್ ಆಫ್ ಮಾಡಿಯೇ ಕೆಂಪು ವೈರಿನ ಟೇಪ್ ಸ್ವಲ್ಪ ಸರಿಸಿ ಟೆಸ್ಟರ್ ಇಟ್ಟೆ. ಆದರೂ ಉರಿಯಿತು! ಹೆದರಿ ಹಾಗೇ ಮುಚ್ಚಿಬಿಟ್ಟೆ. ಪರಿಚಯದವರೊಬ್ಬರು 'ಲೈಟಿನ ವೈರ್ ಫ್ಯಾನಿನ ಲೋಡ್ ತಡೆಯೋಲ್ಲ, ಸುಟ್ಟುಹೋಗುತ್ತೆ, ಹೊಸದಾಗಿ ದಪ್ಪ ವೈರ್ ಎಳೀಬೇಕು' ಅಂತಾರೆ. ನಮ್ಮ ಭಾವ 'ಕೆಂಪಿಗೊಂದು ಕಪ್ಪಿಗೊಂದು ಕೊಟ್ಟರೆ ಮುಗೀತು, ಅರ್ಧ ಗಂಟೆ ಕೆಲಸ' ಅಂತಾರೆ. ಗೋಡೆಯ ಬೋರ್ಡಿನಲ್ಲಿ ಈಗ ಬಲ್ಬಿಗೆ ಡಿಮ್ಮರ್ ಇದೆ, ಅದನ್ನೇ ರೆಗ್ಯುಲೇಟರ್ ಆಗಿ ಬಳಸಬಹುದಾ? ಕೋಣೆಗೆ ಲೈಟೂ ಬೇಕು. ಯಾರ ಮಾತು ಕೇಳಲಿ?

ಉತ್ತರ: ಟೆಸ್ಟರ್ ಉರಿದ ಕೂಡಲೇ ಮುಚ್ಚಿಟ್ಟಿರಲ್ಲ, ಅದು ಸರಿಯಾದ ಕೆಲಸ. ಯಾವ ತುದಿಗೆ ಎಷ್ಟು ವೈರ್ ಅಂತ ಎಣಿಸಿ ಬರೆದದ್ದು ಇನ್ನೂ ಒಳ್ಳೆಯದಾಯಿತು. ಆ ಎಣಿಕೆ ಇಲ್ಲದಿದ್ದರೆ ನಾನು 'ಎಲೆಕ್ಟ್ರಿಷಿಯನ್ ಕರೆಸಿ' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬೇಕಾಗುತ್ತಿತ್ತು.

ಲೈಟಿನ ವೈರ್ ಫ್ಯಾನಿಗೆ ಸಾಲುತ್ತದಾ, ಈ ಕೆಂಪು ಕಪ್ಪುಗಳಲ್ಲಿ ಯಾವುದು ಏನು, ಡಿಮ್ಮರ್ ಆಗುತ್ತದಾ. ಇವು ನಿಮ್ಮ ಪ್ರಶ್ನೆಗಳು. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ನೀವು ಮಾತಿನ ನಡುವೆ ಸುಮ್ನೆ ಹೇಳಿ ಮುಂದೆ ಹೋದ ಎರಡು ಪದ: 'ಹುಕ್ಕೂ ಇಲ್ಲ'. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪರಿಚಯದವರ ಮಾತಿನಲ್ಲಿ ಅರ್ಧ ನಿಜ ಇದೆ. ಭಾವನವರ ಮಾತನ್ನಂತೂ ಕೇಳಲೇಬೇಡಿ. ನಿಮ್ಮ ಮನೆಯ ವೈರಿಂಗಿಗೆ ಅದು ಸೀದಾ ಅಪಾಯ.

ಲೋಡ್ ಎಷ್ಟು?

ಸಾಮಾನ್ಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 70ರಿಂದ 80 ವ್ಯಾಟ್ ಎಳೆಯುತ್ತದೆ. 230 ವೋಲ್ಟಿನ ಲೈನಿನಲ್ಲಿ 75 ವ್ಯಾಟ್ ಅಂದರೆ ಒಂದು ಆಂಪಿಯರಿನ ಮೂರನೇ ಒಂದು ಭಾಗ. ಈಚಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನುಗಳಿಗೆ 30 ವ್ಯಾಟ್ ಆಸುಪಾಸು ಸಾಕು. ನಿಮ್ಮ ಬೋರ್ಡಿನಲ್ಲಿ ಹಳೆಯ ಡಿಮ್ಮರ್ ಇದೆ ಅಂದರೆ ಒಂದು ಕಾಲದಲ್ಲಿ ಅದೇ ಪಾಯಿಂಟಿನಲ್ಲಿ 60 ಅಥವಾ 100 ವ್ಯಾಟಿನ ಬುರುಡೆ ಬಲ್ಬ್ ಉರಿದಿರಬೇಕು. ಅದನ್ನು ತಡೆದ ವೈರ್ ಫ್ಯಾನನ್ನು ತಡೆಯದೇ ಇರುತ್ತದಾ? ಲೈಟಿಗೆ ಎಳೆಯುವ 1 ಚದರ ಮಿಲಿಮೀಟರಿನ ತಾಮ್ರದ ವೈರ್ ಕೂಡ ಹತ್ತು ಆಂಪಿಯರ್ ಹತ್ತಿರ ಹೊರುತ್ತದೆ. ಫ್ಯಾನ್ ತಿರುಗಲು ಶುರುವಾಗುವಾಗ ಸ್ವಲ್ಪ ಜಾಸ್ತಿ ಎಳೆದರೂ ಅದು ಈ ಲೆಕ್ಕದಲ್ಲಿ ಏನೂ ಅಲ್ಲ. ಹಾಗಾಗಿ ಲೋಡಿನ ಕಾರಣಕ್ಕೆ ದಪ್ಪ ವೈರ್ ಬೇಕಿಲ್ಲ.

ಹಾಗಾದರೆ 'ಫ್ಯಾನ್ ಹಾಕಿದ ಮೇಲೆ ವೈರ್ ಸುಟ್ಟಿತು' ಅನ್ನುವ ಕತೆಗಳು ಎಲ್ಲಿಂದ ಬರುತ್ತವೆ? ಸುಳ್ಳಲ್ಲ, ಸುಡುವುದುಂಟು. ಆದರೆ ಸುಡುವುದು ಜಾಯಿಂಟ್. ಬುರುಡೆ ಬಲ್ಬಿನ ಬಿಸಿ ವರ್ಷಗಟ್ಟಲೆ ಮೇಲಕ್ಕೇ ಏರುತ್ತದೆ. ಹೋಲ್ಡರಿನ ಬೆನ್ನಿಗಿರುವ ಒಂದು ಗೇಣು ವೈರ್ ಆ ಬಿಸಿಗೆ ಬೆಂದಿರುತ್ತದೆ. ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಬೆರಳಿನಲ್ಲಿ ಬಗ್ಗಿಸಿದರೆ ಪ್ಲಾಸ್ಟಿಕ್ ಪಟಪಟ ಸೀಳು ಬಿಡುತ್ತದೆ, ಕೆಲವೊಮ್ಮೆ ಪುಡಿಯಾಗಿ ಉದುರುತ್ತದೆ. ಇಂಥ ವೈರನ್ನು ಹೊಸೆದು ಟೇಪ್ ಸುತ್ತಿ ಅದರ ಕೆಳಗೆ ಫ್ಯಾನ್ ತೂಗಿದರೆ, ಫ್ಯಾನಿನ ಸಣ್ಣ ನಡುಕಕ್ಕೆ ಜಾಯಿಂಟ್ ದಿನದಿನಕ್ಕೆ ಸಡಿಲವಾಗುತ್ತದೆ. ಸಡಿಲವಾದ ಕಡೆ ಬಿಸಿ ಹುಟ್ಟುತ್ತದೆ. ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಕರೆಂಟ್ ಒಂದು ಆಂಪಿಯರ್ ಮುಟ್ಟದಿದ್ದರೂ ಇದು ಆಗುತ್ತದೆ.

ಆದ್ದರಿಂದ ಕರೆಂಟ್ ಪೂರ್ತಿ ಕಡಿದ ಮೇಲೆ ಪ್ರತಿಯೊಂದು ವೈರಿನ ತುದಿಯನ್ನೂ ಮೆಲ್ಲಗೆ ಬಗ್ಗಿಸಿ ನೋಡಬೇಕು. ಬಿರುಕು ಬಿಟ್ಟರೆ, ಮೆತ್ತಗಿರುವ ಭಾಗ ಸಿಗುವವರೆಗೆ ಕತ್ತರಿಸಬೇಕು. ಪೈಪಿನೊಳಗಿನ ವೈರೂ ಗಟ್ಟಿಯಾಗಿ ಬೆಂದಿದ್ದರೆ ಹೊಸ ವೈರ್ ಎಳೆಯಲೇಬೇಕು. ಪರಿಚಯದವರ ಮಾತು ಆಗ ನಿಜವಾಗುತ್ತದೆ, ಆದರೆ ಬೇರೆ ಕಾರಣಕ್ಕೆ.

ಇನ್ನೊಂದನ್ನೂ ನೋಡಿಸಿ. ವೈರಿನ ಲೋಹ ಬೆಳ್ಳಗೆ ಬೆಳ್ಳಿಯ ಬಣ್ಣದಲ್ಲಿದ್ದರೆ ಅದು ಅಲ್ಯೂಮಿನಿಯಂ ಇರಬಹುದು, ಅಥವಾ ತವರ ಲೇಪಿಸಿದ ತಾಮ್ರ ಇರಬಹುದು. ಚಾಕುವಿನ ತುದಿಯಿಂದ ಕೆರೆದರೆ ಗೊತ್ತಾಗುತ್ತದೆ. ಒಳಗೆ ಕೆಂಪಾಗಿ ಕಂಡರೆ ತಾಮ್ರ. ಪೂರ್ತಿ ಬಿಳಿಯಿದ್ದು ಕೆಲವು ಸಲ ಬಗ್ಗಿಸಿದರೆ ಮುರಿಯುವಂತಿದ್ದರೆ ಅಲ್ಯೂಮಿನಿಯಂ. ಅದನ್ನೂ ಫ್ಯಾನಿನ ತಾಮ್ರದ ವೈರನ್ನೂ ನೇರವಾಗಿ ಹೊಸೆಯಬಾರದು. ಎರಡೂ ಸೇರಿದ ಕಡೆ ಕಿಲುಬು ಕಟ್ಟುತ್ತದೆ, ಬಿಸಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ಜಾಯಿಂಟ್ ಸಡಿಲವಾಗುತ್ತದೆ. ಅದಕ್ಕೆಂದೇ ಮಾಡಿದ ಕನೆಕ್ಟರ್ ಇರುತ್ತದೆ. ನನ್ನನ್ನು ಕೇಳಿದರೆ ಆ ವೈರನ್ನೇ ಬದಲಿಸಿಬಿಡುವುದು ಒಳ್ಳೆಯದು.

ಕೆಂಪು ಮೂರು, ಕಪ್ಪು ಮೂರು

ಈಗ ನಿಮ್ಮ ವೈರುಗಳ ಲೆಕ್ಕ. ಇದರಲ್ಲೇ ಸ್ವಾರಸ್ಯ ಇರುವುದು.

ಎಲ್ಲ ಮನೆಯಲ್ಲೂ ಫೇಸ್, ಅಂದರೆ ಕರೆಂಟ್ ತರುವ ವೈರ್, ಮೊದಲು ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಬಲ್ಬಿಗೆ ಬರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಿಮ್ಮ ಮನೆಯಲ್ಲಿ ಹಾಗಿಲ್ಲ ಅನ್ನಿಸುತ್ತದೆ. ಅಲ್ಲಿ ಲೈನ್ ಮೊದಲು ಸೂರಿನ ಪಾಯಿಂಟಿಗೇ ಬಂದಿದೆ: ಒಂದು ಕೆಂಪು, ಒಂದು ಕಪ್ಪು. ಅಲ್ಲಿಂದ ಮುಂದಿನ ಕೋಣೆಗೆ ಇನ್ನೊಂದು ಜೊತೆ ಹೋಗಿದೆ, ಅದರಲ್ಲೂ ಒಂದು ಕೆಂಪು, ಒಂದು ಕಪ್ಪು. ಮೂರನೇ ಜೊತೆ ಗೋಡೆಯೊಳಗೆ ಇಳಿದು ಸ್ವಿಚ್ಚಿಗೆ ಹೋಗಿದೆ. ಒಟ್ಟು ಕೆಂಪು ಮೂರು, ಕಪ್ಪು ಮೂರು. ನಿಮ್ಮ ಎಣಿಕೆಗೆ ತಾಳೆ ಬಂತಲ್ಲ?

ಮೂರು ಕೆಂಪನ್ನೂ ಒಟ್ಟಿಗೆ ಹೊಸೆದಿದ್ದಾರೆ. ಅದು ಸದಾ ಕರೆಂಟ್ ಇರುವ ಫೇಸ್. ಸ್ವಿಚ್ಚಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದಕ್ಕೇ ಸ್ವಿಚ್ ಆಫ್ ಇದ್ದಾಗಲೂ ಟೆಸ್ಟರ್ ಉರಿದದ್ದು. ಹೋಲ್ಡರಿನ ಒಂದು ತುದಿಯಲ್ಲಿ ಎರಡು ಕಪ್ಪು ಸೇರಿವೆಯಲ್ಲ, ಅವು ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ವೈರ್: ಒಂದು ಒಳಬಂದದ್ದು, ಇನ್ನೊಂದು ಮುಂದಿನ ಕೋಣೆಗೆ ಹೋಗುವುದು. ಇನ್ನೊಂದು ತುದಿಯಲ್ಲಿ ಒಂಟಿಯಾಗಿರುವ ಕಪ್ಪು ಇದೆಯಲ್ಲ, ಅದೇ ಮೋಸದ ವೈರ್. ಬಣ್ಣ ಕಪ್ಪಾದರೂ ಅದು ನ್ಯೂಟ್ರಲ್ ಅಲ್ಲ. ಸ್ವಿಚ್ಚಿಗೆ ಇಳಿದ ಕೆಂಪಿನ ಜೋಡಿ ಅದು. ಕೆಂಪಿನಲ್ಲಿ ಕೆಳಗಿಳಿದ ಫೇಸ್ ಸ್ವಿಚ್ ದಾಟಿ ಈ ಕಪ್ಪಿನಲ್ಲಿ ಮೇಲೆ ಬರುತ್ತದೆ. ಸ್ವಿಚ್ ಹಾಕಿದ ಕ್ಷಣ ಅದು ಪೂರ್ತಿ ಫೇಸ್. ವೈರ್ ಹಾಕಿದವರು ಅದರ ತುದಿಗೆ ಒಂದು ಸುತ್ತು ಕೆಂಪು ಟೇಪ್ ಹಾಕಿರಬೇಕಿತ್ತು. ಬಹಳ ಜನ ಹಾಕುವುದಿಲ್ಲ. ಹಾಕಿದ್ದರೂ ಇಷ್ಟು ವರ್ಷದಲ್ಲಿ ಒಣಗಿ ಬಿದ್ದಿರಬಹುದು.

ಈಗ ಭಾವನವರು ಹೇಳಿದಂತೆ ಮಾಡಿ ನೋಡೋಣ, ಕಾಗದದ ಮೇಲೆ ಮಾತ್ರ. ಫ್ಯಾನಿನ ಒಂದು ವೈರ್ ಕೆಂಪು ಗೊಂಚಲಿಗೆ, ಇನ್ನೊಂದು ಎರಡು ಕಪ್ಪು ಸೇರಿದ ಕಡೆಗೆ. ಫ್ಯಾನ್ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ಸ್ವಿಚ್ ಆಫ್ ಮಾಡಿದರೂ ನಿಲ್ಲುವುದಿಲ್ಲ. ಇದು ಕಡಿಮೆ ಅನಾಹುತದ ದಾರಿ. ಇನ್ನೊಂದು ದಾರಿ ಅಂದರೆ, 'ಕಪ್ಪೆಲ್ಲ ನ್ಯೂಟ್ರಲ್ ತಾನೇ' ಅಂತ ಮೂರೂ ಕಪ್ಪನ್ನು ಒಟ್ಟು ಸೇರಿಸುವುದು. ಆಗ ಸ್ವಿಚ್ ಹಾಕಿದ ಕೂಡಲೇ ಫೇಸ್ ನೇರವಾಗಿ ನ್ಯೂಟ್ರಲಿಗೆ ಮುಟ್ಟುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೆ ಠಕ್ ಅಂತ ಬೀಳುತ್ತದೆ. ಹಳೆಯ ಫ್ಯೂಸ್ ಇದ್ದು, ಅದಕ್ಕೆ ಯಾರೋ ದಪ್ಪ ತಂತಿ ಕಟ್ಟಿದ್ದರೆ, ಸ್ವಿಚ್ ನಿಮ್ಮ ಬೆರಳಿನ ಕೆಳಗೇ ಸಿಡಿಯಬಹುದು.

ಬಣ್ಣ ನಂಬಬೇಡಿ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಬಹಳ ದೇಶಗಳಲ್ಲಿ ಈಗ ಫೇಸ್ ಕಂದು, ನ್ಯೂಟ್ರಲ್ ನೀಲಿ, ಅರ್ಥ್ (ನೆಲಕ್ಕೆ ಹೋಗುವ ರಕ್ಷಣೆಯ ವೈರ್) ಹಸಿರು-ಹಳದಿ. ಉತ್ತರ ಅಮೆರಿಕದಲ್ಲಿ ಕಪ್ಪೇ ಫೇಸ್, ನ್ಯೂಟ್ರಲ್ ಬಿಳಿ. ಎಲ್ಲಿಯದೋ ವಿಡಿಯೋ ನೋಡಿ ಬಣ್ಣಕ್ಕೆ ಬಣ್ಣ ಸೇರಿಸುವವರು ಇಲ್ಲೇ ಎಡವುವುದು. ಫ್ಯಾನಿನ ಜೊತೆ ಬರುವ ಚೀಟಿಯಲ್ಲಿ ಫ್ಯಾನಿನ ವೈರುಗಳ ಬಣ್ಣ ಬರೆದಿರುತ್ತದೆ. ಗೋಡೆಯೊಳಗಿನ ವೈರಿನ ಬಗ್ಗೆ ಆ ಚೀಟಿಗೆ ಏನು ಗೊತ್ತು?

ನಾನು ಮೇಲೆ ಹೇಳಿದ್ದು ನಿಮ್ಮ ವಿವರಣೆ ಓದಿ ಕಟ್ಟಿದ ಅಂದಾಜು. ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳದೆ ಯಾರೂ ಅದರ ಮೇಲೆ ಕೈ ಹಾಕಬಾರದು. ಖಾತ್ರಿ ಮಾಡುವ ಕ್ರಮ ಹೀಗೆ: ಕರೆಂಟ್ ಕಡಿದು, ಬಲ್ಬ್ ತೆಗೆದು, ಹೋಲ್ಡರಿನಿಂದ ವೈರುಗಳನ್ನು ಬೇರೆ ಮಾಡಬೇಕು. ಅದಕ್ಕೂ ಮೊದಲು ಫೋನಿನಲ್ಲಿ ಒಂದು ಫೋಟೋ ಹೊಡೆದು, ಪ್ರತಿ ವೈರಿಗೂ ಕಾಗದದ ಪಟ್ಟಿ ಅಂಟಿಸಬೇಕು. ಆಮೇಲೆ ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಒಂದು ಕಡ್ಡಿ ಕೆಂಪು ಗೊಂಚಲಿಗೆ, ಇನ್ನೊಂದು ಒಂಟಿ ಕಪ್ಪಿಗೆ. ಸ್ವಿಚ್ ಹಾಕಿದಾಗ ಬೀಪ್ ಬಂದು, ಆಫ್ ಮಾಡಿದಾಗ ನಿಂತರೆ ನನ್ನ ಅಂದಾಜು ಸರಿ. ಬೇರೆ ಕೋಣೆಗಳ ಲೈಟ್ ಸ್ವಿಚ್ಚುಗಳೆಲ್ಲ ಆಫ್ ಇರಲಿ. ನಿಮ್ಮಲ್ಲಿ ಡಿಮ್ಮರ್ ಇರುವುದರಿಂದ ಒಂದು ಎಚ್ಚರಿಕೆ: ಎಲೆಕ್ಟ್ರಾನಿಕ್ ಡಿಮ್ಮರ್ ಕರೆಂಟ್ ಇಲ್ಲದಾಗ ದಾರಿ ಬಿಡುವುದಿಲ್ಲ, ಬೀಪ್ ಬರುವುದೇ ಇಲ್ಲ. ಅದನ್ನು ಬೋರ್ಡಿನಿಂದ ಬಿಚ್ಚಿ, ಅದರ ಎರಡು ವೈರನ್ನು ತಾತ್ಕಾಲಿಕವಾಗಿ ಮುಟ್ಟಿಸಿ ನೋಡಬೇಕು. ಇದು ಗೊತ್ತಿಲ್ಲದೆ 'ವೈರ್ ಎಲ್ಲೋ ಒಳಗೆ ತುಂಡಾಗಿದೆ' ಅಂತ ಗೋಡೆ ಒಡೆಸಲು ಹೊರಟವರೂ ಇದ್ದಾರೆ.

ಖಾತ್ರಿಯಾದ ಮೇಲೆ ಜೋಡಣೆ ಸುಲಭ. ಮೂರು ಕೆಂಪು ಈಗಿದ್ದಂತೆ ಒಟ್ಟಿಗೇ ಇರಲಿ, ಆದರೆ ಹೊಸೆತ ಬಿಚ್ಚಿ ಒಳ್ಳೆಯ ಕನೆಕ್ಟರಿಗೆ ಹಾಕಿ, ಫ್ಯಾನಿಗೆ ಸೇರಿಸದೆ ಒಳಗೆ ಇಡುವುದು. ಎರಡು ಕಪ್ಪು ಮತ್ತು ಫ್ಯಾನಿನ ನ್ಯೂಟ್ರಲ್ ಒಂದು ಕನೆಕ್ಟರಿಗೆ. ಇವುಗಳಲ್ಲಿ ಒಂದನ್ನು ಬಿಟ್ಟರೆ ಮುಂದಿನ ಕೋಣೆಗಳಲ್ಲಿ ಲೈಟ್ ಹೋಗುತ್ತದೆ. ಹಾಗೆ ಲೈಟ್ ಹೋದರೂ ಅಲ್ಲಿನ ಫೇಸ್ ಜೀವಂತವಾಗೇ ಇರುತ್ತದೆ ಅನ್ನುವುದು ನೆನಪಿರಲಿ. ಒಂಟಿ ಕಪ್ಪು ಫ್ಯಾನಿನ ಫೇಸಿಗೆ, ತುದಿಗೆ ಕೆಂಪು ಟೇಪಿನ ಗುರುತು ಹಾಕಿ.

'ಎರಡು ವೈರ್ ತಾನೇ, ಹೇಗೆ ಕೊಟ್ಟರೂ ತಿರುಗುತ್ತೆ' ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ತಿರುಗುವುದೇನೋ ನಿಜ, ದಿಕ್ಕೂ ಬದಲಾಗುವುದಿಲ್ಲ. ಆದರೆ ಸ್ವಿಚ್ ಫೇಸನ್ನೇ ಕಡಿಯಬೇಕು. ನ್ಯೂಟ್ರಲನ್ನು ಕಡಿಯುವಂತಿದ್ದರೆ, ನಿಂತ ಫ್ಯಾನಿನ ಒಳಗೆಲ್ಲ ಫೇಸ್ ಕಾದು ಕುಳಿತಿರುತ್ತದೆ. ರೆಕ್ಕೆ ಒರೆಸಲು ಒದ್ದೆ ಬಟ್ಟೆ ಹಿಡಿದು ಹತ್ತಿದವರಿಗೆ ಇದು ಗೊತ್ತಾಗುವುದೇ ಇಲ್ಲ.

ಕರೆಂಟ್ ನಿಜವಾಗಿ ಹೋಗಿದೆಯಾ?

ಸ್ವಿಚ್ ಆಫ್ ಮಾಡಿದರೆ ಸಾಲದು ಅಂತ ನಿಮ್ಮ ಟೆಸ್ಟರೇ ಹೇಳಿತು. ಒಂದು ಎಂಸಿಬಿ ಇಳಿಸಿದರೂ ಸಾಲದು. ಹಳೆಯ ಮನೆಗಳಲ್ಲಿ ಒಂದು ಸರ್ಕಿಟಿನ ಬಲ್ಬಿಗೆ ಇನ್ನೊಂದು ಸರ್ಕಿಟಿನ ನ್ಯೂಟ್ರಲ್ ಎಳೆದುಕೊಂಡಿರುತ್ತಾರೆ. ಆ ಜಾಯಿಂಟ್ ಬಿಚ್ಚಿದ ಕೂಡಲೇ, ಅತ್ತ ಕಡೆ ಉರಿಯುತ್ತಿರುವ ಬಲ್ಬಿನ ಮೂಲಕ ಬಂದ ಕರೆಂಟ್ ನಿಮ್ಮ ಕೈಗೆ ಹೊಡೆಯುತ್ತದೆ. ನ್ಯೂಟ್ರಲ್ ಹೊಡೆಯುವುದಿಲ್ಲ ಅಂತ ನಂಬಿದವರಿಗೇ ಹೆಚ್ಚು ಹೊಡೆಯುವುದು. ಅದಕ್ಕೆ ಮೇನ್ ಸ್ವಿಚ್ಚನ್ನೇ ಇಳಿಸಬೇಕು.

ಮನೆಯಲ್ಲಿ ಇನ್ವರ್ಟರ್ ಇದೆಯಾ? ನೀವು ಬರೆದಿಲ್ಲ. ಇದ್ದರೆ ಮೇನ್ ಇಳಿಸಿದ ಕೂಡಲೇ ಅದು ಕರ್ತವ್ಯಕ್ಕೆ ಹಾಜರಾಗುತ್ತದೆ. ಸಾಮಾನ್ಯವಾಗಿ ಲೈಟ್ ಪಾಯಿಂಟುಗಳೇ ಇನ್ವರ್ಟರ್ ಲೈನಿನಲ್ಲಿ ಇರುವುದು! ಅದನ್ನೂ ಆಫ್ ಮಾಡಿ, ಅದರಿಂದ ಮನೆಗೆ ಹೋಗುವ ಲೈನನ್ನೂ ಕಡಿಯಬೇಕು. ಅಂದಹಾಗೆ, ಇನ್ವರ್ಟರ್ ಲೈನಿಗೆ 9 ವ್ಯಾಟಿನ ಎಲ್‌ಇಡಿ ಬದಲು 75 ವ್ಯಾಟಿನ ಫ್ಯಾನ್ ಬಂದರೆ ಬ್ಯಾಟರಿ ಬೇಗ ಇಳಿಯುತ್ತದೆ. ಸ್ಕ್ವೇರ್ ವೇವ್, ಅಂದರೆ ಕರೆಂಟಿನ ಅಲೆಯನ್ನು ಚೌಕಾಕಾರದಲ್ಲಿ ಕೊಡುವ ಇನ್ವರ್ಟರ್ ಆದರೆ ಫ್ಯಾನ್ ಗುಂಯ್ಗುಡುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ.

ಸ್ಕ್ರೂಡ್ರೈವರ್ ಥರದ ಟೆಸ್ಟರ್ ಮೇಲೆ ಜೀವ ಇಡಬೇಡಿ. ಪಕ್ಕದ ವೈರಿನ ಪ್ರಭಾವಕ್ಕೇ ಮಂಕಾಗಿ ಉರಿಯುವುದೂ ಉಂಟು, ಕರೆಂಟ್ ಇದ್ದರೂ ಉರಿಯದಿರುವುದೂ ಉಂಟು. ಎರಡು ಕಡ್ಡಿಯ ಮೀಟರ್ ಬಳಸಬೇಕು. ಮೊದಲು ಕರೆಂಟ್ ಇರುವುದು ಖಚಿತವಾದ ಕಡೆ ಇಟ್ಟು ಮೀಟರ್ ಸರಿಯಿದೆ ಅಂತ ನೋಡಿ, ಆಮೇಲೆ ಈ ಪಾಯಿಂಟಿನಲ್ಲಿ ನೋಡಿ, ಮತ್ತೆ ಮೊದಲಿನ ಕಡೆ ಹೋಗಿ ಇನ್ನೊಮ್ಮೆ ನೋಡಬೇಕು. ಮೇನ್ ಇಳಿಸಿದ ಮೇಲೆ ಮೊದಲಿನ ಕಡೆಯಲ್ಲೂ ಕರೆಂಟ್ ಇರುವುದಿಲ್ಲವಲ್ಲ ಅಂತೀರಾ? ಮೇನಿಗೆ ಒಳಬರುವ ಕಡೆ ಇರುತ್ತದೆ. ಆ ಪರೀಕ್ಷೆ ಮಾತ್ರ ಎಲೆಕ್ಟ್ರಿಷಿಯನ್ನೇ ಮಾಡಲಿ.

ಹುಕ್ ಇಲ್ಲದ ಸೂರು

ನನ್ನ ಲೆಕ್ಕದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಇದೇ. ವೈರ್ ತಪ್ಪಾದರೆ ಎಂಸಿಬಿಯಾದರೂ ಬೀಳಬಹುದು. ಆಧಾರ ತಪ್ಪಾದರೆ ಫ್ಯಾನೇ ಬೀಳುತ್ತದೆ, ಅದೂ ಮಲಗಿದವರ ಮೇಲೆ.

ಬಲ್ಬ್ ಹೋಲ್ಡರ್ ಕೆಲವು ನೂರು ಗ್ರಾಂ. ಅದನ್ನು ಸಣ್ಣ ಮರದ ತುಂಡಿಗೋ ಪ್ಲಾಸ್ಟಿಕ್ ಪ್ಲಗ್ಗಿಗೋ ಎರಡು ಸ್ಕ್ರೂ ಹಾಕಿ ನಿಲ್ಲಿಸಿರುತ್ತಾರೆ. ಸೀಲಿಂಗ್ ಫ್ಯಾನ್ 4ರಿಂದ 7 ಕಿಲೋ ತೂಗುತ್ತದೆ. ಲೈಟ್ ಸೇರಿದ ಅಲಂಕಾರದ ಫ್ಯಾನುಗಳು ಇನ್ನೂ ಜಾಸ್ತಿ. ಬರೀ ತೂಕವಾದರೆ ಅಷ್ಟು ಹೆದರಬೇಕಿಲ್ಲ. ಆದರೆ ಇದು ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸುತ್ತು ತಿರುಗುತ್ತಾ, ಸಣ್ಣಗೆ ಅಲ್ಲಾಡುತ್ತಾ, ರಾತ್ರಿಯೆಲ್ಲ ಅದೇ ಸ್ಕ್ರೂಗಳನ್ನು ಎಳೆಯುತ್ತಿರುತ್ತದೆ. ಗೋಡೆಯ ಮೊಳೆಯನ್ನು ಅತ್ತಿತ್ತ ಆಡಿಸಿ ಆಡಿಸಿ ಕೀಳುತ್ತೇವಲ್ಲ, ಅದೇ ಕೆಲಸ ಇಲ್ಲೂ ಸದ್ದಿಲ್ಲದೆ ನಡೆಯುತ್ತದೆ.

ನಿಮ್ಮ ಸೂರು ಯಾವುದು ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಗಟ್ಟಿ ಕಾಂಕ್ರೀಟ್ ಸ್ಲ್ಯಾಬ್ ಆದರೆ ಅದೃಷ್ಟ. ಅದಕ್ಕೆ ಎರಡು ಬಗೆ. ಸ್ಲ್ಯಾಬನ್ನು ಸ್ವಲ್ಪ ಒಡೆದು, ಒಳಗಿನ ಕಬ್ಬಿಣದ ಸರಳಿಗೆ ಕೊಕ್ಕೆ ಹಾಕಿ ಮತ್ತೆ ಮುಚ್ಚುವುದು ಹಳೆಯ ಪದ್ಧತಿ. ಗಟ್ಟಿ, ಆದರೆ ಧೂಳು, ಗಲಾಟೆ, ಸಿಮೆಂಟ್ ಹದವಾಗುವವರೆಗೆ ಕಾಯಬೇಕು. ಎರಡನೆಯದು ಆಂಕರ್ ಬೋಲ್ಟ್. ಡ್ರಿಲ್ ಮಾಡಿ, ಹಿಗ್ಗುವ ಕಬ್ಬಿಣದ ಬೋಲ್ಟ್ ಇಳಿಸಿ, ಅದಕ್ಕೆ ಫ್ಯಾನ್ ಕ್ಲ್ಯಾಂಪ್ ಬಿಗಿಯುವುದು. ಸರಿಯಾಗಿ ಮಾಡಿದರೆ ಇದೂ ಚೆನ್ನಾಗಿ ನಿಲ್ಲುತ್ತದೆ. ಒಂದರ ಬದಲು ಎರಡು ಬೋಲ್ಟಿನ ಕ್ಲ್ಯಾಂಪ್ ಇರಲಿ. ರಂಧ್ರದ ಧೂಳು ಊದಿ ತೆಗೆಯದೆ ಬೋಲ್ಟ್ ಹೊಡೆದರೆ ಅದು ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ. ಡ್ರಿಲ್ಲಿನ ಮೊನೆ ಮೆತ್ತಗೆ ಒಳಗೆ ಹೋಗಿಬಿಟ್ಟರೆ, ಅಥವಾ ಟೊಳ್ಳು ಸಿಕ್ಕರೆ, ಅಲ್ಲಿಗೆ ನಿಲ್ಲಿಸಬೇಕು. ಅದು ಬರೀ ಪ್ಲಾಸ್ಟರ್ ಇರಬಹುದು, ಟೊಳ್ಳು ಬ್ಲಾಕೂ ಇರಬಹುದು. ಆಂಕರ್ ಅಲ್ಲಿ ನಿಲ್ಲುವುದಿಲ್ಲ. ಡ್ರಿಲ್ ಮಾಡುವ ಮುಂಚೆ ವೈರಿನ ಪೈಪ್ ಯಾವ ಕಡೆಗೆ ಹೋಗಿದೆ ಅಂತಲೂ ನೋಡಿಕೊಳ್ಳಬೇಕು, ಪಾಯಿಂಟಿನ ಹತ್ತಿರವೇ ಕೊರೆಯುವುದಲ್ಲವಾ.

ಮರದ ತೊಲೆಯ ಸೂರಾದರೆ ಭಾರ ತೊಲೆಯ ಮೇಲೇ ಬೀಳಬೇಕು. ಹಲಗೆ ಭಾರ ಹೊರುವುದಿಲ್ಲ. ಪಾಯಿಂಟ್ ಎರಡು ತೊಲೆಗಳ ನಡುವೆ ಬಂದಿದ್ದರೆ ಅಡ್ಡಕ್ಕೊಂದು ಕಬ್ಬಿಣದ ಪಟ್ಟಿ ಕೊಡಿಸಿ. ತಗಡು, ಹೆಂಚು, ಟೊಳ್ಳು ಬ್ಲಾಕಿನ ಸೂರಿಗೂ ಇದೇ ಮಾತು. ಸೂರಿನಲ್ಲಿ ಲೋಹದ ಪೆಟ್ಟಿಗೆ ಇದ್ದು ಅದಕ್ಕೇ ಲೈಟ್ ಕೂರಿಸಿದ್ದರೆ, ಅದರ ಮೇಲೆ 'ಫ್ಯಾನಿಗೆ ಯೋಗ್ಯ' ಅನ್ನುವ ಅರ್ಥದ ಗುರುತು ಇದೆಯಾ ನೋಡಬೇಕು. ಅಮೆರಿಕದಂಥ ಕಡೆ ಆ ಗುರುತಿಲ್ಲದ ಪೆಟ್ಟಿಗೆಗೆ ಫ್ಯಾನ್ ತೂಗಲು ನಿಯಮವೇ ಬಿಡುವುದಿಲ್ಲ. ಜಿಪ್ಸಮ್ ಅಥವಾ ಪಿಒಪಿ ಫಾಲ್ಸ್ ಸೀಲಿಂಗ್ ಆದರಂತೂ ಅದನ್ನು ಆಧಾರ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಅದಕ್ಕೆ ತೂತು ಮಾಡಿ, ಮೇಲಿನ ನಿಜವಾದ ಸ್ಲ್ಯಾಬಿನಿಂದ ಉದ್ದದ ರಾಡ್ ಇಳಿಸಬೇಕು.

ಫ್ಯಾನ್ ಏರಿಸುವ ಮೊದಲು ನಾನು ಒಂದು ಪರೀಕ್ಷೆ ಮಾಡಿಸುತ್ತೇನೆ. ಫ್ಯಾನಿನ ನಾಲ್ಕು ಪಟ್ಟು ತೂಕದ ಚೀಲವನ್ನು ಆ ಹುಕ್ಕಿಗೆ ಒಂದು ಗಂಟೆ ತೂಗುಹಾಕುವುದು, ಕೆಳಗೆ ಯಾರೂ ನಿಲ್ಲದಂತೆ. ಹುಕ್ಕಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೂ ಆ ಹುಕ್ ಬೇಡ. ಕೆಲಸದವರು ನಕ್ಕರೂ ಪರವಾಗಿಲ್ಲ, ಮಾಡಿಸಿ.

ಇನ್ನೆರಡು ಸಣ್ಣ ಸಾಮಾನು ಇವೆ. ಹುಕ್ಕಿನ ಮೇಲೆ ಕೂರುವ ರಬ್ಬರ್ ಗಾಲಿ, ಮತ್ತು ಬೋಲ್ಟಿನ ತುದಿಗೆ ಹಾಕುವ ಸ್ಪ್ಲಿಟ್ ಪಿನ್. ಪ್ಯಾಕೆಟ್ಟಿನಲ್ಲೇ ಬಂದಿರುತ್ತವೆ, ಆದರೂ ಕೆಲಸ ಮುಗಿದ ಮೇಲೆ ನೆಲದ ಮೇಲೆ ಬಿದ್ದಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ರಬ್ಬರ್ ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹುಕ್ ಸವೆದು ತೆಳ್ಳಗಾಗುತ್ತದೆ. ಸ್ಪ್ಲಿಟ್ ಪಿನ್ನಿನ ಎರಡು ಕಾಲು ಅಗಲಿಸದೆ ಬಿಟ್ಟರೆ ನಡುಕಕ್ಕೆ ನಟ್ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಮೇಲಿನ ಬಟ್ಟಲು ಮುಚ್ಚುವ ಮೊದಲು ಇವೆರಡನ್ನೂ ನಿಮ್ಮ ಕಣ್ಣಾರೆ ನೋಡಿ.

ಅಳತೆಯ ವಿಷಯಕ್ಕೆ ಬಂದರೆ, ರೆಕ್ಕೆ ನೆಲದಿಂದ ಕನಿಷ್ಠ 2.1 ಮೀಟರ್ ಮೇಲಿರಬೇಕು. ಮಲಗುವ ಕೋಣೆಯಲ್ಲಿ ಮಂಚದ ಮೇಲೆ ನಿಂತು ಕೈ ಎತ್ತಿದರೂ ಸಿಗದಂತಿರಲಿ. ರೆಕ್ಕೆಗೂ ಸೂರಿಗೂ 30 ಸೆಂಟಿಮೀಟರ್ ಹತ್ತಿರ ಜಾಗ ಇದ್ದರೆ ಗಾಳಿ ಚೆನ್ನಾಗಿ ಬರುತ್ತದೆ. ರೆಕ್ಕೆಯ ತುದಿಗೂ ಗೋಡೆ, ಬೀರುಗಳಿಗೂ ನಡುವೆ ಒಂದೂವರೆ ಅಡಿಯಾದರೂ ಬಿಡಿ.

ಹಸಿರು ವೈರ್ ಇಲ್ಲದಿದ್ದರೆ

ಪ್ಲಾಸ್ಟಿಕ್ ಹೋಲ್ಡರಿಗೆ ಅರ್ಥ್ ಬೇಕಿರಲಿಲ್ಲ, ಹಾಗಾಗಿ ಎಳೆದಿಲ್ಲ. ಫ್ಯಾನಿನ ಮೈ ಲೋಹದ್ದು. ಒಳಗಿನ ಸುತ್ತು ಸವೆದು ಮೈಗೆ ಮುಟ್ಟಿದರೆ ರಾಡೂ ಸೇರಿ ಪೂರ್ತಿ ಫ್ಯಾನಿಗೆ ಕರೆಂಟ್ ಬರುತ್ತದೆ. ಅರ್ಥ್ ಇದ್ದರೆ ಎಂಸಿಬಿಯೋ ಆರ್‌ಸಿಸಿಬಿಯೋ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ತಕ್ಷಣ ಬೀಳುತ್ತದೆ. ಇಲ್ಲದಿದ್ದರೆ ಫ್ಯಾನ್ ಏನೂ ಆಗದಂತೆ ತಿರುಗುತ್ತಿರುತ್ತದೆ, ಯಾರಾದರೂ ಮುಟ್ಟುವವರೆಗೆ.

ಪೈಪಿನಲ್ಲಿ ಜಾಗ ಇದ್ದರೆ ಬೋರ್ಡಿನಿಂದ ಒಂದು ಅರ್ಥ್ ವೈರ್ ಎಳೆಸುವುದು ಎಲ್ಲಕ್ಕಿಂತ ಒಳ್ಳೆಯದು. ಬೋರ್ಡಿನಲ್ಲೇ ಅರ್ಥ್ ಇದೆಯಾ ಅಂತ ಮೊದಲು ನೋಡಿ, ಹಳೆಯ ಮನೆಯಲ್ಲವಾ. ಪೈಪ್ ಎಲ್ಲೋ ಕಟ್ಟಿಕೊಂಡಿದ್ದರೆ ಹೊರಗಿನಿಂದ ಕೇಸಿಂಗ್ ಪಟ್ಟಿಯಲ್ಲಿ ತರಬಹುದು. ಚೆಂದ ಕಾಣುವುದಿಲ್ಲ, ಇರಲಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮನೆಗೆ ಹೇಗೂ ಇರಲೇಬೇಕು. ಅರ್ಥ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ, ಆದರೆ ಆಗ ಅದು ಬೀಳುವುದು ಒಬ್ಬರ ಮೈ ಮೂಲಕ ಕರೆಂಟ್ ಹರಿಯಲು ಶುರುವಾದ ಮೇಲೆ. ಅದನ್ನು ಅರ್ಥಿನ ಬದಲಿ ಅಂದುಕೊಳ್ಳಬೇಡಿ.

ಕೆಲವರು ಫ್ಯಾನಿನ ಹಸಿರು ವೈರನ್ನು ನ್ಯೂಟ್ರಲಿಗೇ ಸೇರಿಸಿ 'ಅರ್ಥ್ ಆಯ್ತು' ಅಂತಾರೆ. ಯಾವ ಕಾರಣಕ್ಕೂ ಬಿಡಬೇಡಿ. ಮುಂದೊಂದು ದಿನ ನ್ಯೂಟ್ರಲ್ ಎಲ್ಲಾದರೂ ತುಂಡಾದರೆ, ಫೇಸ್ ಮೋಟಾರಿನ ಸುತ್ತು ದಾಟಿ ನೇರವಾಗಿ ಫ್ಯಾನಿನ ಮೈಗೇ ಬರುತ್ತದೆ. ಫ್ಯಾನ್ ಆಗ ನಿಂತಿರುತ್ತದೆ. ನಿಂತ ಫ್ಯಾನನ್ನು ಜನ ಮುಟ್ಟಿ ನೋಡುತ್ತಾರೆ.

ಡಿಮ್ಮರ್, ರೆಗ್ಯುಲೇಟರ್, ಲೈಟ್

ಡಿಮ್ಮರ್ ಬೇಡ. ಅದು ಕರೆಂಟಿನ ಅಲೆಯನ್ನು ತುಂಡು ಮಾಡಿ ಬಲ್ಬಿಗೆ ಕೊಡುವ ಸಾಧನ. ಬಲ್ಬಿಗೆ ಏನೂ ಆಗುವುದಿಲ್ಲ, ಮೋಟಾರ್ ಗುಂಯ್ಗುಟ್ಟುತ್ತದೆ, ಬಿಸಿಯಾಗುತ್ತದೆ, ಡಿಮ್ಮರೂ ಸುಡಬಹುದು. 'ಫುಲ್ ಇಟ್ಟು ಬಿಟ್ಟರಾಯ್ತು' ಅಂತಲೂ ಬೇಡ, ಯಾರೋ ತಿರುಗಿಸಿಯೇ ತಿರುಗಿಸುತ್ತಾರೆ. ಅದನ್ನು ತೆಗೆದು ಫ್ಯಾನಿನದೇ ರೆಗ್ಯುಲೇಟರ್ ಹಾಕಿ. ಕೆಪಾಸಿಟರ್ ಇರುವ, ಟಕ್ ಟಕ್ ಅಂತ ಹಂತ ಹಂತವಾಗಿ ತಿರುಗುವ ರೆಗ್ಯುಲೇಟರ್ ಚೆನ್ನ. ಬೋರ್ಡಿಗೆ ಇಳಿದಿರುವ ಆ ಎರಡೇ ವೈರ್ ಅದಕ್ಕೂ ಸಾಕು, ಸ್ವಿಚ್ಚಿನ ಜೊತೆ ಸರಣಿಯಲ್ಲಿ ಬರುತ್ತದೆ. ವೇಗ ಕಡಿಮೆ ಮಾಡಿದರೂ ಕರೆಂಟ್ ಖರ್ಚು ಅಷ್ಟೇ ಅನ್ನುವ ಮಾತು ಬಿಸಿಯಾಗುತ್ತಿದ್ದ ಹಳೆಯ ದಪ್ಪ ರೆಗ್ಯುಲೇಟರಿನ ಕಾಲದ್ದು. ಇದರಲ್ಲಿ ಉಳಿತಾಯ ಆಗುತ್ತದೆ. ಬಿಎಲ್‌ಡಿಸಿ ಫ್ಯಾನ್ ತಂದರೆ ರೆಗ್ಯುಲೇಟರೇ ಬೇಡ, ಸ್ವಿಚ್ ಮಾತ್ರ ಸಾಕು. ವೇಗ ರಿಮೋಟಿನಲ್ಲಿ.

ಇನ್ನು ಲೈಟ್. ಫ್ಯಾನೂ ಲೈಟೂ ಬೇರೆ ಬೇರೆ ಸ್ವಿಚ್ಚಿನಲ್ಲಿ ಬೇಕು ಅಂದರೆ, ಬೋರ್ಡಿನಿಂದ ಸೂರಿಗೆ ಇನ್ನೊಂದು ವೈರ್ ಬೇಕು. ಹೇಗೂ ಅರ್ಥ್ ಎಳೆಯುವಾಗ ಅದರ ಜೊತೆಗೇ ಎಳೆಸಿಬಿಡಿ. ಎಳೆಯಲು ಆಗದಿದ್ದರೆ ಲೈಟ್ ಇರುವ ರಿಮೋಟ್ ಫ್ಯಾನ್ ತನ್ನಿ, ಒಂದೇ ಫೇಸಿನಲ್ಲಿ ಎರಡನ್ನೂ ಬೇರೆ ಬೇರೆ ನಡೆಸುತ್ತದೆ. ತೂಕ ಜಾಸ್ತಿ, ಹುಕ್ಕಿನ ಲೆಕ್ಕ ಮತ್ತೆ ನೋಡಿ. ಸೂರಿನಲ್ಲಿ ಸದಾ ಫೇಸ್ ಇದೆಯಲ್ಲ, ರಿಮೋಟ್ ಫ್ಯಾನಿಗೆ ಅದನ್ನೇ ಕೊಟ್ಟು, ಸ್ವಿಚ್ಚಿನ ವೈರನ್ನು ಲೈಟಿಗೆ ಇಟ್ಟುಕೊಂಡರಾಯಿತು ಅಂತ ಯಾರಾದರೂ ಜಾಣತನ ತೋರಿಸಬಹುದು. ಕೆಲಸವೇನೋ ಮಾಡುತ್ತದೆ, ನನಗೆ ಒಪ್ಪಿಗೆಯಿಲ್ಲ. ಫ್ಯಾನ್ ಒರೆಸಬೇಕಾದರೆ ಗೋಡೆಯಲ್ಲಿ ಅದನ್ನು ಕಡಿಯುವ ಸ್ವಿಚ್ಚೇ ಇರುವುದಿಲ್ಲ. ನನ್ನ ಆಯ್ಕೆ ಗೋಡೆಯ ಲೈಟ್. ಸೂರಿನಲ್ಲಿ ರೆಕ್ಕೆಗಿಂತ ಮೇಲೆ ಮಾತ್ರ ಲೈಟ್ ಹಾಕಬೇಡಿ, ರೆಕ್ಕೆಯ ನೆರಳು ಕೋಣೆಯೆಲ್ಲ ಮಿಣಮಿಣ ಹೊಡೆದು ತಲೆನೋವು ತರುತ್ತದೆ.

ಯಾರು ಮಾಡಬೇಕು?

ನಿಮ್ಮ ಸೂರಿನಲ್ಲಿ ಬೇರೆ ಕೋಣೆಗಳ ಲೈನೂ ಸೇರಿಕೊಂಡಿದೆ, ಅರ್ಥ್ ಇಲ್ಲ, ಹುಕ್ ಇಲ್ಲ. ಇದು ಸ್ವಂತಕ್ಕೆ ಕೈ ಹಾಕುವ ಪಾಯಿಂಟ್ ಅಲ್ಲ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೆ ಕೊಡಿ. ಗೋಡೆಯೊಳಗಿನ ವೈರಿಂಗನ್ನು ಲೈಸೆನ್ಸ್ ಇಲ್ಲದವರು ಮುಟ್ಟಬಾರದು ಅಂತ ಬಹಳ ಕಡೆ ಕಾನೂನೇ ಇದೆ. ಭಾವನವರು ಏಣಿ ಹಿಡಿದುಕೊಳ್ಳಲಿ. ಅದಕ್ಕೂ ಒಬ್ಬರು ಬೇಕು. ಬಂದವರು ಬಣ್ಣ ನೋಡಿಯೇ ಜೋಡಿಸಲು ಹೊರಟರೆ, ಅಥವಾ ಸ್ವಿಚ್ ಮಾತ್ರ ಆಫ್ ಮಾಡಿ ಏಣಿ ಹತ್ತಿದರೆ, ಬೇರೆಯವರನ್ನು ಹುಡುಕಿ.

ಎಲ್ಲ ಮುಗಿದ ಮೇಲೆ ಮೊದಲು ಕಡಿಮೆ ವೇಗದಲ್ಲಿ ಓಡಿಸಿ, ಆಮೇಲೆ ಪೂರ್ತಿ ವೇಗಕ್ಕೆ ತನ್ನಿ. ಸ್ವಲ್ಪ ಓಲಾಡಿದರೆ ಗಾಬರಿ ಬೇಡ. ಒಂದೊಂದೇ ರೆಕ್ಕೆಯ ತುದಿಯಿಂದ ಸೂರಿಗೆ ಅಳತೆ ಹಿಡಿದು ನೋಡಿ, ಒಂದು ರೆಕ್ಕೆ ಕೆಲವು ಮಿಲಿಮೀಟರ್ ಬಾಗಿರುತ್ತದೆ, ಅಥವಾ ಅದರ ಸ್ಕ್ರೂ ಸಡಿಲ ಇರುತ್ತದೆ. ಆದರೆ ಓಲಾಟದ ಜೊತೆ ಮೇಲಿನಿಂದ ಕಟಕಟ ಸದ್ದು ಬಂದರೆ, ಅಥವಾ ಹುಕ್ಕಿನ ಸುತ್ತ ಸುಣ್ಣದ ಪುಡಿ ಉದುರಿದರೆ, ತಕ್ಷಣ ಆಫ್ ಮಾಡಿ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮೇನ್ ಇಳಿಸಿ, ಬಟ್ಟಲು ಸರಿಸಿ, ನಟ್ಟು, ಪಿನ್ನು, ಕನೆಕ್ಟರುಗಳ ಬಿಗಿ ನೋಡಿಸಿ. ಅಷ್ಟರಲ್ಲಿ ಸಡಿಲವಾಗುವುದೆಲ್ಲ ಸಡಿಲವಾಗಿರುತ್ತದೆ.